ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಪಾಸ್ ಆಗುತ್ತದಾ? ಹಾಗಾದರೆ ಕಪ್ಪು ಪೈಪಿನಲ್ಲಿ ಯಾಕಿಲ್ಲ?

ಪ್ರಶ್ನೆ: ಸಂಪಾಜೆ ಕಡೆ ನಮ್ಮದು ಅಡಿಕೆ ತೋಟ, ಮೇಲಿನ ಬದಿಯಲ್ಲಿ ಸ್ವಲ್ಪ ಕಾಫಿ, ಮೆಣಸು. ಈ ವರ್ಷ ನೆಲದ ಮೇಲೇ ನಿಂತು ಗೊನೆ ಕೊಯ್ಯಲು 50 ಅಡಿಯ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ತಂದೆವು. ತೋಟದ ನಡುವೆ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ಲೈನ್ ಹೋಗಿದೆ. ಮಾರಿದವರು ‘ಇದು ಪ್ಲಾಸ್ಟಿಕ್ ಥರಾನೇ, ಅಲ್ಯೂಮಿನಿಯಂ ಅಲ್ಲ, ಕರೆಂಟ್ ಪಾಸ್ ಆಗಲ್ಲ’ ಅಂದರು. ಮಲ್ಟಿಮೀಟರ್ ಇಟ್ಟು ನೋಡಿದೆ, ಏನೂ ತೋರಿಸಲಿಲ್ಲ. ಮಗ ಮಾತ್ರ ಕಾರ್ಬನ್ ಇದ್ದರೆ ಪಾಸ್ ಆಗುತ್ತದೆ ಅನ್ನುತ್ತಾನೆ. ಹಾಗಿದ್ದರೆ ನಮ್ಮ ಕಪ್ಪು ನೀರಿನ ಪೈಪಿನಲ್ಲೂ ಕಾರ್ಬನ್ ಇದೆಯಂತಲ್ಲ, ಅದರಲ್ಲೂ ಆಗಬೇಕಲ್ವಾ? ಆಗುವುದಾದರೆ ಅಂಥ ಪ್ಲಾಸ್ಟಿಕ್ ಎಳೆಯನ್ನೇ ಆನೆ ಬೇಲಿಗೆ ತಂತಿಯಾಗಿ ಕಟ್ಟಬಹುದಾ?

ಉತ್ತರ: ಮೊದಲು ದೋಟಿಯ ವಿಷಯ, ಯಾಕೆಂದರೆ ಅದು ಜೀವದ ಪ್ರಶ್ನೆ. ನಿಮ್ಮ ಮಗ ಹೇಳಿದ್ದೇ ಸರಿ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಚೆನ್ನಾಗಿಯೇ ಹರಿಯುತ್ತದೆ. ಲೈನ್ ಹತ್ತಿರದ ಮರಗಳಿಗೆ ಆ ದೋಟಿಯನ್ನು ಇವತ್ತಿನಿಂದಲೇ ಎತ್ತಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಓದಿ, ಇದೊಂದನ್ನು ಮಾತ್ರ ಈಗಲೇ ಕೆಲಸದವರಿಗೂ ಹೇಳಿಬಿಡಿ.

ನಮ್ಮ ಜಿಲ್ಲೆಯಲ್ಲಿ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಮೆಣಸು ಕೊಯ್ಯುವವರು, ಮರಗಸಿ (ನೆರಳು ಮರದ ಕೊಂಬೆ ಕಡಿಯುವ ಕೆಲಸ) ಮಾಡುವವರು ಸತ್ತ ಸುದ್ದಿ ಕೇಳುತ್ತಲೇ ಇದ್ದೇವೆ. ಹಾಗಾಗಿ ಅಲ್ಯೂಮಿನಿಯಂ ಅಂದರೆ ಈಗ ಎಲ್ಲರಿಗೂ ಭಯ ಇದೆ, ಅದು ಒಳ್ಳೆಯದೇ. ಆದರೆ ಕಾರ್ಬನ್ ಫೈಬರ್ ಕಪ್ಪಗೆ, ಹಗುರವಾಗಿ, ಪ್ಲಾಸ್ಟಿಕ್ಕಿನಂತೆ ಕಾಣುವುದರಿಂದ ಆ ಭಯ ಹೋಗಿಬಿಡುತ್ತದೆ. ನನಗೆ ಆತಂಕ ಇರುವುದು ಅಲ್ಲಿಯೇ.

ನಿಮ್ಮ ಮೀಟರ್ ಯಾಕೆ ಏನೂ ತೋರಿಸಲಿಲ್ಲ ಅಂತ ನೋಡೋಣ. ದೋಟಿಯ ಮೈಯಲ್ಲಿ ಇರುವುದು ಎರಡು ವಸ್ತು. ಒಂದು, ಕಾರ್ಬನ್ನಿನ ಸಣ್ಣ ಎಳೆಗಳು. ಒಂದೊಂದೂ ಸುಮಾರು 7 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲು. ಅಂಥ ಸಾವಿರಾರು ಎಳೆಗಳನ್ನು ಸೇರಿಸಿ ಒಂದು ಕಟ್ಟು, ಅಂಥ ಕಟ್ಟುಗಳು ದೋಟಿಯ ಉದ್ದಕ್ಕೂ ಓಡುತ್ತವೆ. ಇನ್ನೊಂದು, ಅವನ್ನೆಲ್ಲ ಹಿಡಿದು ಗಟ್ಟಿ ಮಾಡುವ ಎಪಾಕ್ಸಿ ಅಂಟು. ಈ ಎಪಾಕ್ಸಿ ಒಳ್ಳೆಯ ಇನ್ಸುಲೇಟರ್, ಅಂದರೆ ಕರೆಂಟ್ ಹರಿಯಗೊಡದ ವಸ್ತು. ದೋಟಿಯ ಹೊರಮೈಗೆ ಇದರದೇ ತೆಳು ಪದರ ಬಂದಿರುತ್ತದೆ, ಕೆಲವೊಮ್ಮೆ ಮೇಲೆ ವಾರ್ನಿಷ್ ಕೂಡ. ಮೀಟರಿನ ತಂತಿ ತುದಿಯ ಮುಳ್ಳನ್ನು ನೀವು ಇಟ್ಟಿದ್ದು ಆ ಪದರದ ಮೇಲೆ. ಮೀಟರ್ ಕೊಡುವುದು ಕೆಲವೇ ವೋಲ್ಟ್, ಅಷ್ಟು ತೆಳು ಪದರವನ್ನೂ ಅದು ದಾಟಲಾರದು. ಅದಕ್ಕೇ ಏನೂ ತೋರಿಸಲಿಲ್ಲ.

ಬೇಕಿದ್ದರೆ ಹೀಗೆ ಮಾಡಿ ನೋಡಿ, ಲೈನಿನಿಂದ ದೂರ, ಮನೆ ಅಂಗಳದಲ್ಲಿ. ದೋಟಿಯ ಒಂದು ತುಂಡನ್ನು ಬಿಡಿಸಿ, ಎರಡೂ ತುದಿಯ ರಬ್ಬರ್ ಟೋಪಿ ತೆಗೆಯಿರಿ. ತುಂಡು ಕತ್ತರಿಸಿದ ಅಂಚು ಕಾಣುತ್ತದಲ್ಲ, ಅಲ್ಲಿ ಎಳೆಗಳ ಬಾಯಿ ತೆರೆದುಕೊಂಡಿರುತ್ತದೆ. ಅದನ್ನು ಒದ್ದೆ ಉಪ್ಪುಕಾಗದದಿಂದ ಸ್ವಲ್ಪ ತಿಕ್ಕಿ. ಒಣಗಿದ್ದಾಗ ತಿಕ್ಕಿದರೆ ಏಳುವ ಕರಿ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಎದೆಗೂ ಒಳ್ಳೆಯದಲ್ಲ, ಆದ್ದರಿಂದ ಒದ್ದೆ ಮಾಡಿಯೇ ತಿಕ್ಕಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಅಂಚು ಒಣಗಿದ ಮೇಲೆ ಮುಳ್ಳುಗಳನ್ನು ಎರಡೂ ತುದಿಯ ಅಂಚಿಗೆ ಒತ್ತಿ ಹಿಡಿಯಿರಿ. ಮೀಟರ್ ಕೆಲವು ಓಮ್, ಹೆಚ್ಚೆಂದರೆ ಕೆಲವು ಹತ್ತು ಓಮ್ ತೋರಿಸುತ್ತದೆ. ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆ, ಅದು ಕಡಿಮೆ ಇದ್ದಷ್ಟೂ ಕರೆಂಟ್ ಸಲೀಸಾಗಿ ಹರಿಯುತ್ತದೆ. ಮಾರಿದವರಿಗೂ ಇದನ್ನು ತೋರಿಸಿ, ಅವರು ಬೇರೆಯವರಿಗೆ ಅದೇ ಮಾತು ಹೇಳುವುದು ನಿಲ್ಲಲಿ.

ಈಗ ಸ್ವಲ್ಪ ಲೆಕ್ಕ. 11 ಕೆವಿ ಲೈನಿನ ಒಂದು ತಂತಿಗೂ ನೆಲಕ್ಕೂ ನಡುವೆ ಇರುವುದು ಸುಮಾರು 6,350 ವೋಲ್ಟ್. ಎಪಾಕ್ಸಿ ಒಂದು ಮಿಲಿಮೀಟರಿಗೆ 15ರಿಂದ 20 ಸಾವಿರ ವೋಲ್ಟ್ ತಡೆಯುತ್ತದೆ, ಕೇಳುವುದಕ್ಕೆ ದೊಡ್ಡದು. ಆದರೆ ದೋಟಿಯ ಮೇಲಿನ ಪದರ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಂದುಕೊಳ್ಳಿ, ಆಗ ಅದು ತಡೆಯುವುದು ಸಾವಿರ ವೋಲ್ಟಿನ ಆಸುಪಾಸು. ಲೈನಿಗೆ ತಾಗಿದ ಕ್ಷಣ ಆ ಪದರ ತೂತಾಗುತ್ತದೆ. ಆಮೇಲೆ ಉಳಿಯುವುದು ಎಳೆಗಳು ಮಾತ್ರ. 35 ಮಿಲಿಮೀಟರ್ ಅಗಲದ, ಒಂದೂವರೆ ಮಿಲಿಮೀಟರ್ ದಪ್ಪ ಗೋಡೆಯ 15 ಮೀಟರ್ ಕೊಳವೆಯಲ್ಲಿ ಎಳೆಗಳೆಲ್ಲ ಉದ್ದಕ್ಕೇ ಇದ್ದರೆ ತುದಿಯಿಂದ ತುದಿಗೆ ಬರುವ ತಡೆ 3 ಓಮ್ ಹತ್ತಿರ. ನೇಯ್ಗೆ ಅಡ್ಡಡ್ಡ ಇದ್ದರೆ, ಜಾಯಿಂಟುಗಳನ್ನೂ ಸೇರಿಸಿದರೆ, ಇನ್ನಷ್ಟು ಜಾಸ್ತಿ. ಮನುಷ್ಯನ ಮೈಯ ತಡೆ ಸುಮಾರು ಸಾವಿರ ಓಮ್. ಆ ಸಾವಿರದ ಮುಂದೆ ದೋಟಿಯ ಮೂರು ಓಮ್ ಆದರೇನು, ಮೂವತ್ತಾದರೇನು, ಅದು ನಿಮ್ಮನ್ನು ಕಾಪಾಡುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಕಾರ್ಬನ್ ಎಳೆ ಸಾವಿರ ಪಟ್ಟು ಕೆಟ್ಟ ವಾಹಕ, ಅದು ನಿಜ. ಆದರೆ ಮನೆಯ ಸುರಕ್ಷತಾ ಸ್ವಿಚ್ಚು 30 ಮಿಲಿ ಆಂಪಿಯರಿಗೇ ಲೈನ್ ಕಡಿಯುವಂತೆ ಮಾಡಿರುವುದು ಯಾಕೆ? ಅದಕ್ಕಿಂತ ಜಾಸ್ತಿ ಆದರೆ ಹೃದಯದ ಬಡಿತ ತಪ್ಪಬಹುದು. ಇಲ್ಲಿ ಹರಿಯಬಹುದಾದದ್ದು ಆಂಪಿಯರುಗಳ ಲೆಕ್ಕದಲ್ಲಿ.

ಇದೇ ಕಾರಣಕ್ಕೆ ವಾಲ್ನೂರಿನ ಕಡೆ ಹೊಳೆಯಲ್ಲಿ ಮೀನು ಹಿಡಿಯಲು ಬರುವವರ ಗ್ರಾಫೈಟ್ (ಅದೂ ಕಾರ್ಬನ್ ಎಳೆಯೇ) ಗಾಳದ ಕೋಲುಗಳ ಮೇಲೂ ವಿದ್ಯುತ್ ಲೈನಿನ ಎಚ್ಚರಿಕೆ ಅಚ್ಚಾಗಿರುತ್ತದೆ. ತೂಕದಲ್ಲಿ ಅರ್ಧದಷ್ಟು ಇಂಥ ಕಾಂಪೋಸಿಟ್ಟಿನಿಂದಲೇ (ಎಳೆ, ಅಂಟು ಸೇರಿದ ವಸ್ತು) ಆದ ಬೋಯಿಂಗ್ 787 ವಿಮಾನಕ್ಕೆ ಸಿಡಿಲು ತಡೆಯಲು ಹೊರಮೈಯಲ್ಲಿ ತಾಮ್ರದ ತೆಳು ಬಲೆ ಕೂರಿಸುತ್ತಾರೆ, ಕಾರ್ಬನ್ ಎಳೆ ಕರೆಂಟ್ ಒಯ್ಯುತ್ತದೆ, ಆದರೆ ಸಿಡಿಲಿನಷ್ಟನ್ನು ಒಯ್ಯುವಾಗ ಸುಟ್ಟುಹೋಗುತ್ತದೆ ಅಂತ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬರುವಾಗ ಗುಡುಗು ಕೇಳಿಸಿದರೆ ಲೈನ್ ಇರಲಿ ಬಿಡಲಿ ದೋಟಿ ಮಲಗಿಸಿ ಮನೆಗೆ ಬನ್ನಿ.

ಇನ್ನು ಕಪ್ಪು ಪೈಪು. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಪೈಪಿನಲ್ಲೂ ಕಾರ್ಬನ್ ಇದೆ, ನಿಜ. ಕುಡಿಯುವ ನೀರಿನ ಎಚ್‌ಡಿಪಿಇ (ಗಟ್ಟಿ ಜಾತಿಯ ಪಾಲಿಥೀನ್) ಪೈಪಿಗೆ ನಮ್ಮ ಐಎಸ್ 4984 ಮಾನದಂಡವೇ ಶೇ 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್, ಅಂದರೆ ಕಾರ್ಬನ್ನಿನ ನುಣುಪು ಕರಿ ಪುಡಿ, ಇರಬೇಕು ಅನ್ನುತ್ತದೆ. ಇದು ಬಣ್ಣಕ್ಕಲ್ಲ, ಬಿಸಿಲಿಗೆ. ಸೂರ್ಯನ ನೇರಳಾತೀತ ಕಿರಣವನ್ನು ಈ ಕರಿ ಪುಡಿ ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಪೈಪು ಕೆಲವೇ ವರ್ಷದಲ್ಲಿ ಬಿರುಕು ಬಿಡುತ್ತದೆ. ಆದರೂ ಆ ಪೈಪಿನ ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದೇ ಪುಡಿಯನ್ನು ಶೇ 25ಕ್ಕೆ ಏರಿಸಿದರೆ ಹರಿಯುತ್ತದೆ. ನಡುವೆ ಏನಾಯಿತು?

ನಿಮ್ಮ ಕಾಫಿ ಕಣವನ್ನು ನೆನೆದುಕೊಳ್ಳಿ. ಖಾಲಿ ಕಣದ ಮೇಲೆ ಅಲ್ಲಲ್ಲಿ ಹಣ್ಣು ಚೆಲ್ಲಿದ್ದೀರಿ. ಒಂದು ಇರುವೆ ನೆಲ ಮುಟ್ಟದೆ, ಹಣ್ಣಿನಿಂದ ಹಣ್ಣಿಗೇ ಕಾಲಿಟ್ಟು ಈ ಅಂಚಿನಿಂದ ಆ ಅಂಚಿಗೆ ಹೋಗಬೇಕು. ಹಣ್ಣು ಕಡಿಮೆ ಇದ್ದಾಗ ಆಗುವುದೇ ಇಲ್ಲ. ಇನ್ನಷ್ಟು ಚೆಲ್ಲಿ, ಸಣ್ಣ ಸಣ್ಣ ಗುಂಪುಗಳಾಗುತ್ತವೆ, ಇರುವೆ ಒಂದು ಗುಂಪಿನೊಳಗೆ ಸುತ್ತಾಡಬಹುದು, ಅಷ್ಟೇ. ಇನ್ನೂ ಚೆಲ್ಲುತ್ತಾ ಹೋದರೆ ಒಂದು ಹಂತದಲ್ಲಿ, ಕೆಲವೇ ಬೊಗಸೆ ಹೆಚ್ಚು ಹಾಕಿದ್ದಕ್ಕೆ, ಗುಂಪುಗಳು ಒಂದಕ್ಕೊಂದು ಸೇರಿ ಅಂಚಿನಿಂದ ಅಂಚಿಗೆ ದಾರಿ ಬಿದ್ದುಬಿಡುತ್ತದೆ. ಅಲ್ಲಿಯವರೆಗೆ ಇರಲೇ ಇಲ್ಲ, ಈಗ ಇದೆ. ಪ್ಲಾಸ್ಟಿಕ್ಕಿನೊಳಗಿನ ಕಾರ್ಬನ್ ಕಣಗಳಿಗೂ ಹೀಗೆಯೇ. ದಾರಿ ಬೀಳುವ ಆ ಪ್ರಮಾಣಕ್ಕೆ ಪರ್ಕೊಲೇಷನ್ ಮಿತಿ ಅನ್ನುತ್ತಾರೆ. ಇದರ ಗಣಿತವನ್ನು 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್‌ಸ್ಲಿ ಎಂಬ ಇಬ್ಬರು ಬರೆದರು.

ಈ ಜಿಗಿತ ಎಷ್ಟು ದೊಡ್ಡದು ಅಂದರೆ ನಂಬುವುದು ಕಷ್ಟ. ಬರೀ ಪಾಲಿಥೀನಿನ ತಡೆ, ಒಂದು ಘನ ಸೆಂಟಿಮೀಟರಿಗೆ ಅಳೆದರೆ, ಒಂದರ ಮುಂದೆ ಹದಿನಾರು ಸೊನ್ನೆ ಬರೆದಷ್ಟು ಓಮ್. ಮಿತಿ ದಾಟಿದ ಮೇಲೆ ಅದು ಎರಡು ಮೂರು ಸೊನ್ನೆಗೆ ಇಳಿಯುತ್ತದೆ. ಕೆಲವೇ ಶೇಕಡಾ ಪುಡಿ ಹೆಚ್ಚಾದದ್ದಕ್ಕೆ ತಡೆ ಲಕ್ಷ ಕೋಟಿ ಪಟ್ಟಿಗಿಂತಲೂ ಹೆಚ್ಚು ಇಳಿದುಹೋಗುತ್ತದೆ! ಉಪ್ಪು ಹಾಕಿದಷ್ಟೂ ರುಚಿ ಏರುವ ಹಾಗೆ ಮೆಲ್ಲಗೆ ಏರುವುದಲ್ಲ ಇದು. ಹಾಗಾಗಿ ‘ಸ್ವಲ್ಪ ಕಾರ್ಬನ್ ಇದೆ, ಸ್ವಲ್ಪ ಕರೆಂಟ್ ಹರಿಯುತ್ತದೆ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಾರಿ ಬಿದ್ದಿದೆಯೋ ಇಲ್ಲವೋ, ಅದೇ ಪ್ರಶ್ನೆ. ನಿಮ್ಮ ಪೈಪಿನ ಶೇ 2.5 ಆ ಮಿತಿಗಿಂತ ತುಂಬಾ ಕೆಳಗಿದೆ. ಮೇಲಾಗಿ ಪೈಪು ಮಾಡುವವರು ಪುಡಿಯನ್ನು ಬಿಡಿಬಿಡಿಯಾಗಿ, ಎಲ್ಲ ಕಡೆ ಸಮವಾಗಿ ಹರಡುವ ಹಾಗೆ ಬೆರೆಸುತ್ತಾರೆ, ಬಿಸಿಲು ತಡೆಯಲು ಅದೇ ಬೇಕು.

ಒಂದು ಸಣ್ಣ ತಿದ್ದುಪಡಿ. ಕಣಗಳು ಒಂದಕ್ಕೊಂದು ಪೂರ್ತಿ ತಾಗಲೇಬೇಕು ಅಂತಿಲ್ಲ. ನಡುವೆ ಒಂದೆರಡು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಇದ್ದರೂ ಎಲೆಕ್ಟ್ರಾನ್ ದಾಟಿಬಿಡುತ್ತದೆ. ಅಂತರ ಹತ್ತು ನ್ಯಾನೋಮೀಟರಿಗೆ ಹೋದರೆ ದಾಟುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಮಿತಿ ಎಲ್ಲಿ ಬೀಳುತ್ತದೆ ಅನ್ನುವುದು ಕಣದ ಆಕಾರಕ್ಕೆ ಬಿಟ್ಟದ್ದು. ಗುಂಡು ಕಣಗಳಾದರೆ ಗಾತ್ರದಲ್ಲಿ ಶೇ 16ರ ಸುಮಾರು ಬೇಕು ಅಂತ 1970ರಲ್ಲಿ ಶೆರ್ ಮತ್ತು ಜಾಲೆನ್ ಲೆಕ್ಕ ಹಾಕಿದರು, ಪಾಲಿಥೀನಿನಲ್ಲಿ ತೂಕಕ್ಕೆ ತಿರುಗಿಸಿದರೆ ಅದು ಶೇ 26ರ ಹತ್ತಿರ. ಕಾರ್ಬನ್ ಬ್ಲ್ಯಾಕಿನಲ್ಲಿ ಕಣಗಳು ಒಂಟಿಯಾಗಿ ಇರುವುದಿಲ್ಲ, ಸರದ ಹಾಗೆ, ಗೊಂಚಲಿನ ಹಾಗೆ ಅಂಟಿಕೊಂಡಿರುತ್ತವೆ. ಗೊಂಚಲು ಉದ್ದವಾಗಿ ಕವಲೊಡೆದಷ್ಟೂ ಕಡಿಮೆ ಪುಡಿಗೇ ದಾರಿ ಬೀಳುತ್ತದೆ, ಹಾಗೆಂದೇ ಮಾಡಿದ ವಿಶೇಷ ಪುಡಿಗಳಿವೆ, ಕೆಲವೇ ಶೇಕಡಾ ಸಾಕು. ಇನ್ನು ಕಾರ್ಬನ್ ನ್ಯಾನೋಟ್ಯೂಬ್, 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ವರದಿ ಮಾಡಿದ ಮೇಲೆ ಲೋಕದ ಗಮನಕ್ಕೆ ಬಂದದ್ದು, ದಪ್ಪಕ್ಕಿಂತ ನೂರಾರು ಪಟ್ಟು ಉದ್ದದ ಕೊಳವೆಗಳು. ಎಪಾಕ್ಸಿಯಲ್ಲಿ ತೂಕದ ಶೇ 0.0025ರಷ್ಟು ನ್ಯಾನೋಟ್ಯೂಬಿಗೇ ದಾರಿ ಬಿದ್ದದ್ದು 2003ರಲ್ಲಿ ಪ್ರಕಟವಾಗಿದೆ. ಕಾಫಿ ಕಣದ ಲೆಕ್ಕದಲ್ಲೇ ಹೇಳುವುದಾದರೆ, ಹಣ್ಣಿನ ಬದಲು ಉದ್ದುದ್ದ ಕಡ್ಡಿ ಚೆಲ್ಲಿದ ಹಾಗೆ, ಇರುವೆಗೆ ಕೆಲವೇ ಕಡ್ಡಿ ಸಾಕು.

ನಿಮ್ಮ ದೋಟಿಯಲ್ಲಿ ಕಡ್ಡಿಯ ಮಾತೂ ಇಲ್ಲ. ಅಲ್ಲಿ ಎಳೆ ತುಂಡಾಗದೆ ಒಂದು ತುಂಡಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಗಾತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಎಳೆಯೇ. ಹುಡುಕಿ ದಾಟಬೇಕಾದ ದಾರಿ ಅಲ್ಲ, ಹಾಕಿಟ್ಟ ರಸ್ತೆ. ಪೈಪು, ದೋಟಿ ಎರಡೂ ಕಪ್ಪು, ಎರಡರಲ್ಲೂ ಕಾರ್ಬನ್, ಎರಡನ್ನೂ ಹಿಡಿದಿರುವುದು ಪ್ಲಾಸ್ಟಿಕ್ ಜಾತಿಯ ವಸ್ತು. ಆದರೂ ಒಂದು ಇನ್ಸುಲೇಟರ್, ಇನ್ನೊಂದು ವಾಹಕ. ಕಾರ್ಬನ್ ಎಷ್ಟಿದೆ, ಯಾವ ಆಕಾರದಲ್ಲಿದೆ, ಹೇಗೆ ಜೋಡಿಸಿದೆ, ಅಷ್ಟೇ ವ್ಯತ್ಯಾಸ.

ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು, ನೀವು ಕೇಳದಿದ್ದರೂ. ‘ರಬ್ಬರ್ ಬೂಟು ಹಾಕಿದ್ದೇವೆ, ಏನಾಗಲ್ಲ’ ಅನ್ನುವ ನಂಬಿಕೆ ತೋಟಗಳಲ್ಲಿ ಬಲವಾಗಿದೆ. ಕಪ್ಪು ರಬ್ಬರ್ ಕಪ್ಪಾಗಿರುವುದೂ ಕಾರ್ಬನ್ ಬ್ಲ್ಯಾಕಿನಿಂದಲೇ, ಅಲ್ಲಿ ಅದನ್ನು ಗಟ್ಟಿತನಕ್ಕೆ ಹಾಕುತ್ತಾರೆ, ಟಯರಿನಲ್ಲಂತೂ ತೂಕದ ಕಾಲು ಭಾಗ ಅದೇ ಇರಬಹುದು. ಅಂದರೆ ಮಿತಿಯ ಹತ್ತಿರ, ಕೆಲವೊಮ್ಮೆ ಮಿತಿ ದಾಟಿ. ಗಾಡಿ ಓಡುವಾಗ ತಿಕ್ಕಾಟದಿಂದ ಹುಟ್ಟುವ ಸ್ಟ್ಯಾಟಿಕ್ ಕರೆಂಟ್ ನೆಲಕ್ಕೆ ಇಳಿಯುವುದು ಆ ಟಯರಿನ ಮೂಲಕವೇ. ಕಾರ್ಬನ್ ಬದಲು ಸಿಲಿಕಾ ಹಾಕಿದ ಹೊಸ ಬಗೆಯ ಟಯರುಗಳಲ್ಲಿ ಅದು ಇಳಿಯದೆ, ನಡುವೆ ಕಾರ್ಬನ್ ರಬ್ಬರಿನ ಒಂದು ತೆಳು ಪಟ್ಟಿಯನ್ನು ಬೇಕೆಂದೇ ಕೂರಿಸಬೇಕಾಯಿತು. ಪೆಟ್ರೋಲ್ ಬಂಕಿನ ಹೋಸ್ ಪೈಪಿನಲ್ಲೂ ಹೀಗೆ ಕರೆಂಟ್ ಹರಿಯುವ ವ್ಯವಸ್ಥೆ ಇರುತ್ತದೆ, ಕಿಡಿ ಹಾರಬಾರದು ಅಂತ. ಆದ್ದರಿಂದ ಗಂಬೂಟು ಜಿಗಣೆಗೆ, ಕೆಸರಿಗೆ ಇರಲಿ. ಲೈನಿನ ಕೆಲಸಕ್ಕೆ ವೋಲ್ಟೇಜ್ ಪರೀಕ್ಷೆ ಮಾಡಿ ಗುರುತು ಹಾಕಿದ ಗ್ಲೌಸು, ಬೂಟು ಬೇರೆಯೇ ಇವೆ. ಅವು ಲೈನ್‌ಮನ್‌ಗಳಿಗೆ ಇರುವಂಥವು.

ಈ ವಸ್ತುಗಳ ಬಗ್ಗೆ ಬರೀ ಹೆದರಿಸಿ ಬಿಡುವುದು ನನಗೆ ಇಷ್ಟವಿಲ್ಲ, ಯಾಕೆಂದರೆ ದಾರಿ ಬೀಳುವ, ದಾರಿ ಕಡಿಯುವ ಈ ಗುಣವನ್ನೇ ಹಿಡಿದು ಎಷ್ಟು ಚೆಂದದ ಕೆಲಸ ಮಾಡಿದ್ದಾರೆ ಗೊತ್ತಾ. ಎಚ್‌ಡಿಪಿಇಗೆ ಮಿತಿ ದಾಟುವಷ್ಟು ಕಾರ್ಬನ್ ಬ್ಲ್ಯಾಕ್ ಬೆರೆಸಿ ಒಂದು ತೆಳು ಬಿಲ್ಲೆ ಮಾಡುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಕರೆಂಟ್ ಸರಾಗ ಹರಿಯುತ್ತದೆ. ಎಲ್ಲೋ ಶಾರ್ಟ್ ಆಗಿ ಕರೆಂಟ್ ಜಾಸ್ತಿಯಾದರೆ ಬಿಲ್ಲೆ ಬಿಸಿಯಾಗುತ್ತದೆ, 130 ಡಿಗ್ರಿ ಹತ್ತಿರ ಪ್ಲಾಸ್ಟಿಕ್ಕಿನ ಹರಳುಗಳು ಕರಗಿ ಅದು ಉಬ್ಬುತ್ತದೆ, ಉಬ್ಬಿದಾಗ ಕಾರ್ಬನ್ ಕಣಗಳು ದೂರ ಸರಿದು ದಾರಿ ಕಡಿದುಹೋಗುತ್ತದೆ, ತಡೆ ಸಾವಿರಾರು ಪಟ್ಟು ಏರಿ ಕರೆಂಟ್ ಹೆಚ್ಚುಕಡಿಮೆ ನಿಲ್ಲುತ್ತದೆ. ಸ್ವಿಚ್ ಆಫ್ ಮಾಡಿ ತಣ್ಣಗಾದ ಮೇಲೆ ಪ್ಲಾಸ್ಟಿಕ್ ಮತ್ತೆ ಕುಗ್ಗಿ ದಾರಿ ಕೂಡಿಕೊಳ್ಳುತ್ತದೆ. ಸುಟ್ಟುಹೋಗದ ಫ್ಯೂಸು! ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯ ಹಿಂದೆ, ಬ್ಯಾಟರಿ ಪ್ಯಾಕುಗಳಲ್ಲಿ ಇಂಥದ್ದು ಕೂತಿರುತ್ತದೆ. ಬೆಂಕಿ ಪೊಟ್ಟಣಕ್ಕಿಂತ ಸಣ್ಣ ವಸ್ತು, ಒಳಗೆ ಚಲಿಸುವ ಭಾಗ ಒಂದೂ ಇಲ್ಲ.

ಮತ್ತೆ ತೋಟಕ್ಕೆ ಬರೋಣ. ದೋಟಿ ಬಿಸಾಡಬೇಕಾ? ಬೇಡ. ಕಾರ್ಬನ್ನಿನ ಬಿಗಿತ ಗಾಜಿನ ಎಳೆಗಿಂತ ಮೂರು ಪಟ್ಟು, ತೂಕ ಕಡಿಮೆ. 50 ಅಡಿ ಎತ್ತರಕ್ಕೆ ನೆಟ್ಟಗೆ ನಿಂತು, ಬಾಗದೆ ಗೊನೆ ಕೊಯ್ಯಬಲ್ಲದ್ದು ಅದೇ. ಅಡಿಕೆ ಮರ ಹತ್ತುವವರು ಸಿಗದ ಈ ಕಾಲದಲ್ಲಿ, ಮಳೆಗೆ ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವುದನ್ನು ತಪ್ಪಿಸಿದ್ದೂ ಇದೇ ದೋಟಿ. ಲೈನಿನಿಂದ ದೂರದ ಮರಗಳಿಗೆ ಧೈರ್ಯವಾಗಿ ಬಳಸಿ.

ಲೈನಿನ ಹತ್ತಿರ ಅಂದರೆ ಎಷ್ಟು? ದೋಟಿ ಕೈತಪ್ಪಿ ಯಾವ ಕಡೆ ಬೇಕಾದರೂ ಬೀಳಬಹುದು, ಬಿದ್ದರೆ ಲೈನಿಗೆ ತಾಗುತ್ತದಾ ಅಂತ ನೋಡಿ. ತಾಗುವುದಾದರೆ ಆ ಜಾಗ ಹತ್ತಿರವೇ. 50 ಅಡಿ ದೋಟಿಗೆ ಲೈನಿನ ಎರಡೂ ಬದಿ ಕಡಿಮೆಯೆಂದರೆ 50 ಅಡಿ, ಇಳಿಜಾರಿನಲ್ಲಿ ನೀವು ಮೇಲೆ ನಿಂತಿದ್ದರೆ ಇನ್ನೂ ಜಾಸ್ತಿ. ಆ ಪಟ್ಟಿಯ ಮರಗಳಿಗೆ ಕೆಂಪು ಬಣ್ಣ ಬಳಿಯಿರಿ. ಹೊಸದಾಗಿ ಬರುವ ಕೆಲಸದವರಿಗೆ ನಿಮ್ಮ ತೋಟದ ಲೈನ್ ಎಲ್ಲಿದೆ ಗೊತ್ತಿರುವುದಿಲ್ಲ, ಎಲೆಗಳ ನಡುವೆ ಅದು ಕಾಣುವುದೂ ಇಲ್ಲ. ಆ ಮರಗಳ ಕೊಯ್ಲನ್ನು ಒಂದೇ ದಿನಕ್ಕೆ ಇಟ್ಟುಕೊಂಡು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ, ಲೈನ್‌ಮನ್ ಬಂದು ಲೈನ್ ತೆಗೆದ, ಅಂದರೆ ಅದರ ಕರೆಂಟ್ ಕಡಿದ ಮೇಲೆಯೇ ಕೆಲಸ ಶುರು ಮಾಡಿ. ಮನೆಯಲ್ಲಿ ಕರೆಂಟ್ ಇಲ್ಲ ಅಂದ ಮಾತ್ರಕ್ಕೆ ಲೈನಿನಲ್ಲಿ ಇಲ್ಲ ಅಂತ ತಿಳಿಯಬೇಡಿ. ಮಳೆಗಾಲದಲ್ಲಿ ಹೋದ ಕರೆಂಟ್ ಯಾವ ಕ್ಷಣಕ್ಕೆ ಬರುತ್ತದೋ ಹೇಳಲಾಗದು.

ಮದ್ದು ಬಿಡುವಾಗ ಅಪಾಯ ಇನ್ನೂ ಹೆಚ್ಚು. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಅಂದರೆ ಮೈಲುತುತ್ತು, ಸುಣ್ಣ, ನೀರು. ಲವಣ ಕರಗಿದ ಆ ನೀರು ಕರೆಂಟನ್ನು ಒಯ್ಯುತ್ತದೆ. ದೋಟಿಯ ಉದ್ದಕ್ಕೂ ಕಟ್ಟಿದ ಹೋಸಿನೊಳಗೆ ಅದೇ ನೀರು ತುಂಬಿರುತ್ತದೆ, ಕೆಳಗೆ ಪಂಪು, ಪಂಪಿನ ಹತ್ತಿರ ಒಬ್ಬರು ನಿಂತಿರುತ್ತಾರೆ. ಮೇಲಿಂದ ಸೋರಿದ ಮದ್ದು ದೋಟಿಯ ಮೇಲೂ, ಕೈ ಮೇಲೂ ಇಳಿಯುತ್ತಿರುತ್ತದೆ. ಇಲ್ಲಿ ದೋಟಿ ಯಾವುದರದ್ದು ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಬಿದಿರಾದರೂ ಒದ್ದೆಯಾದರೆ ಅಷ್ಟೇ.

ಗಾಜಿನ ಎಳೆಯ, ಅಂದರೆ ಫೈಬರ್ ಗ್ಲಾಸ್ ಕೋಲು ತಂದರೆ ಆಗದಾ ಅಂತ ಕೇಳುತ್ತೀರಿ. ಗಾಜು ನಿಜವಾದ ಇನ್ಸುಲೇಟರ್, ಲೈನ್‌ಮನ್‌ಗಳ ಕೋಲು ಅದರದ್ದೇ. ಆದರೆ ಅವರ ಕೋಲನ್ನು ಲಕ್ಷ ವೋಲ್ಟಿನ ಲೆಕ್ಕದಲ್ಲಿ ಪರೀಕ್ಷೆ ಮಾಡಿರುತ್ತಾರೆ, ಒರೆಸಿ, ಒಣಗಿಸಿ, ಚೀಲದಲ್ಲಿ ಇಟ್ಟಿರುತ್ತಾರೆ. ತೋಟದ ಕೋಲಿಗೆ ಕೆಸರು, ಅಡಿಕೆ ಚೊಗರು, ಮೈಲುತುತ್ತು ಎಲ್ಲ ಮೆತ್ತಿರುತ್ತದೆ, ಮೇಲೆ ಒದ್ದೆ. ಮರಗಸಿಗೆ ಗಿಡ್ಡ ಕೋಲು ಸಾಕಾಗುವ ಕಡೆ, ಏಣಿ ಕೊಳ್ಳುವಾಗ, ಅಲ್ಯೂಮಿನಿಯಂ ಬದಲು ಫೈಬರ್ ಗ್ಲಾಸೇ ತೆಗೆದುಕೊಳ್ಳಿ, ನನ್ನ ಮತ ಅದಕ್ಕೇ. ಅಂಗಡಿಯಲ್ಲಿ ‘ಫೈಬರ್’ ಅಂದರೆ ಸಾಲದು, ಗಾಜಾ ಕಾರ್ಬನ್ನಾ ಅಂತ ಬಾಯಿಬಿಟ್ಟು ಕೇಳಿ. ಆದರೆ ಲೈನಿನ ಅಂತರದ ನಿಯಮ ಅದಕ್ಕೂ ಒಂದೇ.

ಯಾರಿಗಾದರೂ ಹೊಡೆದೇಬಿಟ್ಟರೆ ಓಡಿಹೋಗಿ ಹಿಡಿದು ಎಳೆಯಬೇಡಿ, ಕೋಲಿನಿಂದಲೂ ಬೇಡ, ಇದು ಮನೆಯ 230 ವೋಲ್ಟ್ ಅಲ್ಲ. ದೂರವೇ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ, ಸೆಕ್ಷನ್ ಆಫೀಸಿಗೆ ಫೋನ್ ಮಾಡಿ ಲೈನ್ ತೆಗೆಸಿ, ತೆಗೆದದ್ದು ಖಚಿತವಾದ ಮೇಲೆ ಹತ್ತಿರ ಹೋಗಿ. ಉಸಿರಿಲ್ಲದಿದ್ದರೆ ಎದೆ ಒತ್ತುವುದನ್ನು ಕೂಡಲೇ ಶುರು ಮಾಡಬೇಕು. ಆ ಸೆಕ್ಷನ್ ಆಫೀಸಿನ ನಂಬರ್ ನಿಮ್ಮ ಫೋನಿನಲ್ಲಿ ಮಾತ್ರ ಅಲ್ಲ, ಮೇಸ್ತ್ರಿಯ ಫೋನಿನಲ್ಲೂ ಇರಲಿ.

ಕೊನೆಗೆ ಆನೆ ಬೇಲಿ. ಕಾರ್ಬನ್ ಬ್ಲ್ಯಾಕ್ ತುಂಬಿದ ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯುತ್ತದೆ ಅಂದೆ, ಆದರೆ ತಂತಿಯ ಕೆಲಸಕ್ಕೆ ಅದು ಸಾಲದು. ತುಂಬಾ ಒಳ್ಳೆಯ ಮಿಶ್ರಣವನ್ನೇ ತೆಗೆದುಕೊಂಡು ಎರಡೂವರೆ ಮಿಲಿಮೀಟರ್ ಎಳೆ ಮಾಡಿದರೂ ಮೀಟರಿಗೆ ಸುಮಾರು 2,000 ಓಮ್ ತಡೆ ಬರುತ್ತದೆ, ಕಿಲೋಮೀಟರಿಗೆ 20 ಲಕ್ಷ. ಅಷ್ಟೇ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಗೆ ಕಿಲೋಮೀಟರಿಗೆ 35 ಓಮ್ ಆಸುಪಾಸು. ಸೋಲಾರ್ ಬೇಲಿಯ ಯಂತ್ರ ಕಳಿಸುವುದು ಸೆಕೆಂಡಿಗೊಮ್ಮೆ ಒಂದು ಚಿಕ್ಕ ಏಟು, ಆ ಪ್ಲಾಸ್ಟಿಕ್ ಎಳೆಯಲ್ಲಿ ಅದು ನಾಲ್ಕು ಕಂಬ ದಾಟುವಷ್ಟರಲ್ಲಿ ಸೊರಗಿಬಿಡುತ್ತದೆ, ತುದಿಯಲ್ಲಿ ಆನೆಗೆ ತಾಗಿದ್ದೂ ಗೊತ್ತಾಗುವುದಿಲ್ಲ. ಕಾರ್ಬನ್ ಎಳೆಯ ಸರಳು ತಡೆಯ ಲೆಕ್ಕದಲ್ಲಿ ವಾಸಿ, ಮೀಟರಿಗೆ 6 ಓಮ್, ಆದರೆ ಅದನ್ನು ಸುತ್ತಿ ಗಂಟು ಹಾಕಲಾಗದು, ಬಗ್ಗಿಸಿದರೆ ಮುರಿಯುತ್ತದೆ. ಅಂಗಡಿಯಲ್ಲಿ ಬೇಲಿಗೆಂದೇ ಸಿಗುವ ಪಾಲಿವೈರ್ ನೋಡಿ ನಿಮಗೆ ಈ ಯೋಚನೆ ಬಂದಿರಬೇಕು. ಅದರ ಒಂದು ತುದಿ ಬಿಚ್ಚಿ ನೋಡಿ, ಪ್ಲಾಸ್ಟಿಕ್ ದಾರದ ನಡುವೆ ಕೂದಲಿನಷ್ಟು ತೆಳು ಸ್ಟೀಲ್ ಎಳೆಗಳು ಹೊಳೆಯುತ್ತವೆ, ಏಟು ಒಯ್ಯುವುದು ಅವೇ. ಆನೆಗೆ ಅದರ ಬಲವೂ ಸಾಲದು, ನಿಮ್ಮ ಬೇಲಿಗೆ ಜಿಐ ತಂತಿಯೇ ಇರಲಿ.